ಅರವತ್ತಾರಕ್ಕೆ ರೆಕ್ಕೆ ಕಟ್ಟಿದ ಗ್ಲೆನಿಸ್

ಗ್ಲೆನಿಸ್ ಟಕ್‌ವೆಲ್‌ಗೆ ಇದ್ದ ಚಟ ಒಂದೇ, ಕೇಳೋದು. ಕುಡಿತ ಇಲ್ಲ, ಕುದುರೆ ಜೂಜಿಲ್ಲ. ಆದರೆ ಒಂದು ವಿಷಯ ತಲೆಗೆ ಹೊಕ್ಕಿತು ಅಂದರೆ ಅದರ ಬುಡ ಮುಟ್ಟೋ ತನಕ ಎದುರಿಗಿದ್ದವರ ಜೀವ ಹಿಂಡುತ್ತಿದ್ದಳು. ಸಾಸೇಜಿನೊಳಗೆ ಏನೇನು ತುರುಕುತ್ತೀಯ ಅಂತ ಕೇಳಿ ಕೇಳಿ ಮಾಂಸದಂಗಡಿಯವನನ್ನು ಎಷ್ಟು ಸುಸ್ತು ಮಾಡಿದ್ದಳೆಂದರೆ, ಅವಳು ರಸ್ತೆ ದಾಟಿ ಬರೋದು ಕಂಡರೆ ಸಾಕು, ಅವನು ಹಿಂದಿನ ಕೋಣೆಗೆ ಜಾರಿಕೊಳ್ಳುತ್ತಿದ್ದ.

ಸಿಡ್ನಿಯಿಂದ ದಕ್ಷಿಣಕ್ಕೆ, ರೈಲು ಕಾಡಿನ ಸುರಂಗ ದಾಟಿ ಸಮುದ್ರದ ಪಕ್ಕಕ್ಕೆ ಬೀಳುವ ಕಡೆ, ನಮ್ಮ ಬೋಳುಗುಡ್ಡದ ಕೆಳಗೆ ಅವಳದು ಮೀನು-ಚಿಪ್ಸ್ ಅಂಗಡಿ. ಗುಡ್ಡದ ನೆತ್ತಿಯಿಂದ ಹ್ಯಾಂಗ್ ಗ್ಲೈಡರ್ ಅನ್ನೋ ಎಂಜಿನ್ನಿಲ್ಲದ ದೊಡ್ಡ ಬಟ್ಟೆರೆಕ್ಕೆ ಹಿಡಿದು ಹಾರಿದವರೆಲ್ಲ ಬೀಚಿನ ಹಿಂದಿನ ಹುಲ್ಲು ಬಯಲಿಗೆ ಇಳಿದು, ನೇರ ಅವಳ ಅಂಗಡಿಗೇ ಬರುತ್ತಿದ್ದರು. ಹಸಿದಿರುತ್ತಿದ್ದರು, ಮೂಗು ಕೆಂಪಗಾಗಿರುತ್ತಿತ್ತು. ಅದೆಲ್ಲ ಸರಿ, ಆದರೆ ಅವರ ಮುಖ ಇರುತ್ತಿತ್ತಲ್ಲ, ಅದು ಗ್ಲೆನಿಸಳಿಗೆ ಬಗೆಹರಿಯುತ್ತಿರಲಿಲ್ಲ. ಬ್ಯಾಂಕಿನವನಾಗಲಿ, ಊರಿಗೇ ಹೆಸರಾದ ಕುಡುಕನಾಗಲಿ, ಇಳಿದ ಮೇಲೆ ಎಲ್ಲರಿಗೂ ಅದೇ ಒಂದು ಮುಖ. ಯಾರೋ ಗುಟ್ಟು ಹೇಳಿ ಕಳಿಸಿದ ಹಾಗೆ.

ಮೇಲೆ ಏನಿದೆ ಅಂತ ಅವಳು ಚಿಪ್ಸ್ ಕಟ್ಟಿಕೊಡುತ್ತಾ ಒಬ್ಬೊಬ್ಬರನ್ನೂ ಕೇಳಿದಳು. ಒಬ್ಬ ಬರೀ ಮೌನ ಅಂದ. ಇನ್ನೊಬ್ಬ, ಮೌನ ಎಲ್ಲಿ ಬಂತು, ಕಿವಿ ತುಂಬ ಗಾಳಿಯ ಗದ್ದಲ ಅಂದ. ಒಬ್ಬಳು ಚಳಿ ಅಂದಳು, ಅಂದವಳೇ ಅಳೋಕೆ ಶುರು ಮಾಡಿ, ಸ್ವಲ್ಪ ವಿನೆಗರ್ ಜಾಸ್ತಿ ಹಾಕು ಅಂದಳು. ಅಲ್ಲಾ, ಒಂದೇ ಆಕಾಶಕ್ಕೆ ಹೋಗಿ ಬಂದವರು ಒಬ್ಬರಾದರೂ ಇನ್ನೊಬ್ಬರ ಹಾಗೆ ಹೇಳಬೇಡವೆ? ಮರ್ವ್ ಪೆನ್‌ಹೇಲ್ ಅನ್ನೋ ಮುದುಕ ಮಾತ್ರ, ಹೋಗಿ ನೋಡ್ಕೊಂಡು ಬಾ, ನನ್ನ ಚಿಪ್ಸ್ ಆರ್ತಾ ಇದೆ ಅಂದ.

ಅರವತ್ತಾರಕ್ಕೆ ಅಂಗಡಿ ಬಿಟ್ಟುಕೊಟ್ಟಳು. ಮಾರನೇ ವಾರವೇ ಟ್ರೂಡಿಯ ಎದುರು ನಿಂತಳು. ಟ್ರೂಡಿ ನಮ್ಮ ಗುಡ್ಡದಲ್ಲಿ ಹಾರೋದು ಕಲಿಸೋಳು. ಯಾರು ಹಾರಬೇಕು, ಯಾರು ಹಾರಬಾರದು ಅನ್ನೋದೂ ಅವಳ ಮಾತೇ. ಈ ವಯಸ್ಸಲ್ಲಿ ಯಾಕೆ ಅಂತ ಅವಳು ಕೇಳಲಿಲ್ಲ, ಆ ಮಟ್ಟಿಗೆ ಬುದ್ಧಿವಂತೆ. ಕೇಳಿದ್ದು ಡಬ್ಬೊ ಊರಲ್ಲಿರೋ ಮಗಳು. ಅಮ್ಮಾ, ನಿನ್ನ ವಾರಿಗೆಯವರ ಜೊತೆ ಲಾನ್ ಬೌಲ್ಸ್ ಆಡು ಅಂತ ಫೋನಿನಲ್ಲಿ ಗೋಗರೆದಳು. ಚೆಂಡು ಉರುಳುತ್ತೆ ಅಂತ ನನಗೆ ಮೊದಲೇ ಗೊತ್ತು ಕಣೇ, ಅಂದಳಂತೆ ಗ್ಲೆನಿಸ್.

ಮರಳ ದಿಬ್ಬದ ಮೇಲೆ ಕಲಿಕೆ. ತನ್ನ ಅರ್ಧ ತೂಕದ ರೆಕ್ಕೆಯನ್ನು ಹೆಗಲಿಗೇರಿಸಿ ಹತ್ತೋದು, ಓಡೋದು, ಮೂತಿ ಕುಕ್ಕಿ ಬೀಳೋದು, ಬಾಯೊಳಗಿನ ಮರಳು ಉಗಿಯೋದು, ಮತ್ತೆ ಹತ್ತೋದು. ಬಿದ್ದ ಕಡೆಯಿಂದಲೇ ಪ್ರಶ್ನೆ ಶುರು: ಈ ಪಟ್ಟಿ ಯಾಕೆ ಇಲ್ಲಿ, ಗಾಳಿ ಯಾಕೆ ಅಂಚಿಗೆ ಬಂದು ಮೇಲಕ್ಕೇರುತ್ತೆ, ಆ ಹಕ್ಕಿ ಯಾಕೆ ರೆಕ್ಕೆ ಬಡಿಯಲ್ಲ. ಕಲಿಯೋಕೆ ಬಂದ ಹುಡುಗರು ಎರಡು ವಾರಕ್ಕೆ ಮುಗಿಸಿದ್ದನ್ನು ಅವಳು ಎರಡು ಚಳಿಗಾಲ ಎಳೆದಳು. ನಾಚಿಕೆ ಅನ್ನೋದು ಅವಳಿಗೆ ಹುಟ್ಟಿನಿಂದಲೇ ಇರಲಿಲ್ಲ, ಪುಣ್ಯವಂತೆ.

ಕೊನೆಗೊಂದು ದಿನ ಗುಡ್ಡದಿಂದ ಹಾರಿದಳು. ಗಾಳಿಗೆ ಎಗರದ ಹಾಗೆ ಮುಂದೆ ರೆಕ್ಕೆಯ ಮೂತಿ ಹಿಡಿದು ನಿಂತಿದ್ದವನು ಮರ್ವ್. ಸಮುದ್ರದ ಮೇಲೆ ಒಂದು ಸುತ್ತು, ಬಂಡೆಗೋಡೆಯ ಉದ್ದಕ್ಕೂ ಒಂದು ಓಟ, ಆಮೇಲೆ ಹುಲ್ಲು ಬಯಲಿಗೆ ಹೊಟ್ಟೆಯ ಮೇಲೆ ಇಳಿದಳು. ವಯಸ್ಸಾದವರಿಗೆ ಅಂತ ಟ್ರೂಡಿ ಕೈಹಿಡಿಯ ಸರಳಿಗೆ ಎರಡು ಪುಟ್ಟ ಚಕ್ರ ಹಾಕಿಸಿದ್ದಳು. ಇದೇನು ಶಾಪಿಂಗ್ ಗಾಡಿಯೋ ಅಂತ ಮರ್ವ್ ಆ ಚಕ್ರಗಳನ್ನು ಆಡಿಕೊಳ್ಳದ ದಿನವಿರಲಿಲ್ಲ. ಆವತ್ತು ಮಾತ್ರ ಅವನೇ ಚಿಪ್ಸ್ ತಂದುಕೊಟ್ಟು, ಮೇಲೆ ಏನಿತ್ತು ಅಂತ ಕೇಳಿದ. ಗ್ಲೆನಿಸ್ ಬೆರಳಿಗಂಟಿದ ಉಪ್ಪು ನೆಕ್ಕಿದಳು. "ಒಂದು ಹದ್ದು ಪಕ್ಕಕ್ಕೆ ಬಂದು ತಲೆ ತಿರುಗಿಸಿ ನನ್ನ ನೋಡ್ತು ಮರ್ವ್. ಇದ್ಯಾವುದಪ್ಪ ಹೊಸದು ಅನ್ನೋ ಹಂಗೆ," ಅಂದಳು. ಮರ್ವ್ ತಲೆಯಾಡಿಸಿದ. ಅಷ್ಟೇ, ಆವತ್ತಿನಿಂದ ಇಬ್ಬರೂ ಜೋಡಿ. ಅವನು ಹಾರುವಾಗ ಅವಳು ಮೂತಿ ಹಿಡಿಯೋದು, ಅವಳು ಹಾರುವಾಗ ಅವನು.

ಮರ್ವ್ ಸಾಮಾನ್ಯದವನಲ್ಲ. ಇದೇ ಗುಡ್ಡಸಾಲಿನ ಹೊಟ್ಟೆಯೊಳಗೆ ಕಲ್ಲಿದ್ದಲು ಅಗೆದು ಜೀವನ ಮಾಡಿದವನು. ಹಗಲು ಕೆಳಗೆ, ಭಾನುವಾರ ಮೇಲೆ. ಬಿದಿರು, ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಹಾರುತ್ತಿದ್ದ ಕಾಲದವನು. ಎಪ್ಪತ್ತೈದು ದಾಟಿದರೂ ಗಾಳಿಯಲ್ಲಿ ಅವನ ಗೆರೆ ಬೇರೆಯೇ, ಕೆಳಗಿನಿಂದ ನೋಡಿದರೂ ಇವನೇ ಅಂತ ಗೊತ್ತಾಗೋದು. ನೆಲದ ಮೇಲೆ ಅವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ಇನ್ನೊಂದು ಹುಚ್ಚೂ ಇಲ್ಲ. ಹಾರೋದನ್ನು ಕಿತ್ತುಕೊಂಡರೆ ಮರ್ವ್ ಅನ್ನೋ ಮನುಷ್ಯನಲ್ಲಿ ಉಳಿಯೋದು ಏನು ಅಂತ ಯಾರಿಗೂ ಗೊತ್ತಿರಲಿಲ್ಲ, ಅವನಿಗಂತೂ ಮೊದಲೇ ಗೊತ್ತಿರಲಿಲ್ಲ.

ನಮ್ಮ ಗುಡ್ಡದಲ್ಲಿ ಒಂದು ವಾಡಿಕೆ ಇದೆ. ಹಾರುವವರ ಮೈಯನ್ನು ಹೊತ್ತುಕೊಳ್ಳೋದು ಹಾರ್ನೆಸ್ಸು, ಉದ್ದನೆಯ ಚೀಲದಂಥದ್ದು, ಬೆನ್ನ ಹಿಂದಿನ ಕೊಕ್ಕೆಯಿಂದ ರೆಕ್ಕೆಗೆ ತೂಗುತ್ತೆ. ಬೇರೆ ದೇಶದವರು ಅದನ್ನು ಕೋಟಿನ ಹಾಗೆ ತೊಟ್ಟುಕೊಂಡು, ಆಮೇಲೆ ಹೋಗಿ ರೆಕ್ಕೆಗೆ ಸಿಕ್ಕಿಸಿಕೊಳ್ಳುತ್ತಾರೆ. ಸಿಕ್ಕಿಸಿಕೊಳ್ಳೋದು ಮರೆತರೆ ಮುಗೀತು, ರೆಕ್ಕೆ ಹಾರುತ್ತೆ, ಮನುಷ್ಯ ಬರೀ ಕೈಯಲ್ಲಿ ಜೋತು ಬೀಳ್ತಾನೆ. ಅದಕ್ಕೇ ನಮ್ಮಲ್ಲಿ ಖಾಲಿ ಹಾರ್ನೆಸ್ಸನ್ನು ಮೊದಲು ರೆಕ್ಕೆಗೆ ಸಿಕ್ಕಿಸಿ, ಆಮೇಲೆ ಅದರೊಳಗೆ ಹತ್ತಬೇಕು. ಹತ್ತಿದ ಮೇಲೆ ಮೂತಿ ಹಿಡಿದವರ ಎದುರು ಒಮ್ಮೆ ಮಲಗಿ ತೋರಿಸಬೇಕು. ಹೊಟ್ಟೆ ಗಾಳಿಯಲ್ಲಿ ತೂಗಿದರೆ ಸರಿ. ನೆಲಕ್ಕೆ ಬಿದ್ದರೆ ಆವತ್ತಿಗೆ ರೆಕ್ಕೆ ಮಡಚಿ ಮನೆಗೆ, ಎಂಥ ಶೂರನಾದರೂ ಸರಿ. ಇನ್ನೊಂದಿದೆ: ಹಾರುವವನು ‘ಬಿಡು’ ಅಂದ ಕೂಡಲೇ ಹಿಡಿದವರು ಕೈಬಿಟ್ಟು ಪಕ್ಕಕ್ಕೆ ಸರಿಯಬೇಕು. ಅಂಚಿನ ಗಾಳಿಯಲ್ಲಿ ಚರ್ಚೆಗೆ ಜಾಗವಿಲ್ಲ.

ಮುಂದಿನ ಬೇಸಿಗೆಯಲ್ಲಿ ಗ್ಲೆನಿಸ್ ಒಂದು ವಿಚಿತ್ರ ಕಂಡಳು. ಮರ್ವ್ ಕಾರಿನ ಹತ್ತಿರವೇ ಹಾರ್ನೆಸ್ಸು ತೊಟ್ಟುಕೊಂಡು ರೆಕ್ಕೆಗೆ ನಡೆದು ಬರುತ್ತಿದ್ದ. ಹಳೇ ತಲೆ ಅಂತ ಬೇರೆ ಯಾರೂ ತಕರಾರು ಎತ್ತಿರಲಿಲ್ಲ. ಯಾಕೆ ಅಂದಳು. ಇದು ಹಳೇ ಕಾಲದ ಪದ್ಧತಿ, ನಿನಗೆ ಗೊತ್ತಾಗಲ್ಲ ಅಂದ. ಈ ವಾಡಿಕೆಯನ್ನು ನಮ್ಮ ಗುಡ್ಡಕ್ಕೆ ಕಲಿಸಿದವರಲ್ಲಿ ಇವನೂ ಒಬ್ಬ, ಈಗ ಇವನದೇ ಉಲ್ಟಾ ಯಾಕೆ? ತಲೆಗೆ ಹೊಕ್ಕಿತು, ಇನ್ನು ಬಿಡೋಳೇ? ಮುಂದಿನ ಸಲ ಥರ್ಮಾಸ್ ಹಿಡಿದು ಅವನ ಕಾರಿನ ಪಕ್ಕದಲ್ಲೇ ಕೂತಳು. ಮರ್ವ್ ಕಾರಿನ ಸೀಟಿನಲ್ಲಿ ಕೂತು, ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಕಾಲುಪಟ್ಟಿಯೊಳಗೆ ತೂರಿಸುತ್ತಿದ್ದ. ಮಂಡಿ ಮಡಚುತ್ತಿರಲಿಲ್ಲ. ಸಮುದ್ರದ ಗಾಳಿ ಚೆನ್ನಾಗಿದ್ದರೆ ಹಾರೋಕೆ ಎರಡು ಹೆಜ್ಜೆ ಸಾಕು, ಅದನ್ನು ಹೇಗೋ ಕುಂಟಿಕೊಂಡು ಹಾಕಬಹುದು. ರೆಕ್ಕೆಯ ಕೆಳಗೆ ನಿಂತು, ತೂಗುವ ಪಟ್ಟಿಯೊಳಗೆ ಕಾಲೆತ್ತಿ ಇಡೋದು ಅವನಿಂದ ಆಗದ ಕೆಲಸ. ಅವಳು ನೋಡಿದ್ದನ್ನು ಅವನು ನೋಡಿದ. ಟ್ರೂಡಿ ಕಿವಿಗೆ ಬಿದ್ದರೆ ನನ್ನ ಕಥೆ ಮುಗೀತು, ಬಾಯಿ ಮುಚ್ಕೊಂಡಿರು ಅಂತ ಗದರಿದ. ಗದರಿಕೆಯಲ್ಲಿ ಬೇಡಿಕೆ ಇತ್ತು. ಅವಳು ಬಾಯಿ ಮುಚ್ಚಿಕೊಂಡಳು.

ಅಲ್ಲೇ ತಪ್ಪಿದ್ದು.

ಒಂದು ಶನಿವಾರ ಆಗ್ನೇಯದಿಂದ ಒಳ್ಳೇ ಗಾಳಿ. ಹಿಂದೆ ರೆಕ್ಕೆಗಳ ಸಾಲು ಕಾಯುತ್ತಿತ್ತು, ಟ್ರೂಡಿಯೂ ಅಲ್ಲೇ ಇದ್ದಳು. ಮರ್ವ್ ರೆಕ್ಕೆಗೆ ಸಿಕ್ಕಿಸಿಕೊಂಡ. ಆಮೇಲೆ ಕೈಗವಸು ಮರೆತೆ ಅಂತ ಕೊಕ್ಕೆ ಬಿಚ್ಚಿ ಕಾರಿಗೆ ಹೋದ, ವಾಪಸ್ಸು ಬಂದ. ಅವನು ಬರುವ ಹೊತ್ತಿಗೆ ಗ್ಲೆನಿಸ್ ಯಾರನ್ನೋ ಮೋಡದ ವಿಷಯ ವಿಚಾರಿಸುತ್ತಿದ್ದಳು. ತಿರುಗಿ ನೋಡಿದರೆ ಮರ್ವ್ ಆಗಲೇ ರೆಕ್ಕೆ ಹೊತ್ತು ನಿಂತಿದ್ದಾನೆ. ಓಡಿ ಹೋಗಿ ಮೂತಿಯ ತಂತಿ ಹಿಡಿದಳು. ಬಿಸಿಲು ಕಣ್ಣಿಗೆ, ಅವನ ಬೆನ್ನು ಕಾಣದು. ಮಲಗೋದೆಲ್ಲ ಬೇಡ, ಗಾಳಿ ಜೋರಿದೆ ಅಂದ.

"ಬಿಡು," ಅಂದ.

ಸಿಕ್ಕಿಸಿಕೊಂಡಿದ್ದಾನೋ ಇಲ್ಲವೋ, ಗ್ಲೆನಿಸಳಿಗೆ ಗೊತ್ತಿರಲಿಲ್ಲ. ಇಲ್ಲ ಅನ್ನೋ ಅನುಮಾನವೂ ಇರಲಿಲ್ಲ. ಗೊತ್ತಿರಲಿಲ್ಲ, ಅಷ್ಟೇ. ಗೊತ್ತಿಲ್ಲದ್ದನ್ನು ಹಾಗೇ ಬಿಟ್ಟು ಸರಿಯೋಕೆ ಅವಳ ಕೈ ಒಪ್ಪಲಿಲ್ಲ.

"ಮಲಗಿ ತೋರಿಸು ಮರ್ವ್."

"ಬಿಡು ಅಂದೆ. ನೀನು ಮೀನು ಕರೀತಿದ್ದಾಗ್ಲೇ ನಾನು ಇಲ್ಲಿಂದ ಹಾರ್ತಿದ್ದೆ ಕಣೇ."

"ಗೊತ್ತು. ಮಲಗು."

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ‘ಬಿಡು’ ಅಂದ ಮೇಲೂ ಹಿಡಿದ ಹೆಂಗಸನ್ನು ನಮ್ಮ ಗುಡ್ಡ ಅಲ್ಲಿಯವರೆಗೆ ಕಂಡಿರಲಿಲ್ಲ. ಮರ್ವ್ ಗಣಿಯ ಕಾಲದ ಒಂದು ಬೈಗುಳ ಬೈದು, ನೋಡ್ಕೋ ಹಂಗಾದ್ರೆ ಅಂತ ಸಿಟ್ಟಿನಲ್ಲಿ ಮೈಯನ್ನು ಮುಂದಕ್ಕೆ ಚೆಲ್ಲಿದ.

ಧಪ್ ಅಂತ ಹುಲ್ಲಿಗೆ ಬಿದ್ದ. ಗದ್ದ ಮೊದಲು, ಆಮೇಲೆ ಹೊಟ್ಟೆ. ಮೇಲೆ ಖಾಲಿ ರೆಕ್ಕೆಯನ್ನು ಗ್ಲೆನಿಸ್ ಒಬ್ಬಳೇ ಹಿಡಿದುಕೊಂಡಿದ್ದಳು, ಅದು ಗಾಳಿಗೆ ಎಳೆಯುತ್ತಿತ್ತು. ಎರಡು ಹೆಜ್ಜೆ ಹಾಕಿದ್ದರೆ ಅಂಚು, ಅಂಚಿನ ಕೆಳಗೆ ಬಂಡೆ. ಟ್ರೂಡಿ ಬಂದು ಅವನ ತೋಳು ಹಿಡಿದೆಬ್ಬಿಸಲು ನೋಡಿದಳು, ಅವನು ಕೊಡವಿಕೊಂಡ. ಒಬ್ಬನೇ ರೆಕ್ಕೆ ಮಡಚಿದ, ಒಬ್ಬನೇ ಕಾರಿಗೆ ಕಟ್ಟಿದ. ಗ್ಲೆನಿಸಳ ಕಡೆ ನೋಡಲಿಲ್ಲ. ಅವಳು ತನ್ನ ಕಾರಿನೊಳಗೆ ಕೂತು ಅತ್ತಳು. ಹೆದರಿಕೆಗಿಂತ ಹೆಚ್ಚಾಗಿ ತನ್ನ ಮೇಲೇ ಬಂದ ಕೋಪಕ್ಕೆ, ಬಾಯಿ ಮುಚ್ಚಿಕೊಂಡಿದ್ದಕ್ಕೆ.

ಹೋಗಿ ಟ್ರೂಡಿಗೆ ಎಲ್ಲ ಹೇಳಿದಳು. ಗುಡ್ಡದ ವಾಡಿಕೆಯ ಪ್ರಕಾರ ಹತ್ತಿದರೆ ಹಾರಲಿ, ಇಲ್ಲದಿದ್ದರೆ ಅವನ ಹಾರಾಟ ಮುಗೀತು ಅಂದಳು ಟ್ರೂಡಿ. ಅದನ್ನು ಅವನಿಗೂ ಫೋನ್ ಮಾಡಿ ತಿಳಿಸಿದಳು.

ಮರ್ವ್ ಬರಲಿಲ್ಲ. ಒಳ್ಳೇ ಗಾಳಿಯ ದಿನಗಳು ಬಂದು ಹೋದವು, ಅವನ ಕಾರು ನಿಲ್ಲುವ ಜಾಗ ಖಾಲಿ. ಗ್ಲೆನಿಸ್ ಹಾರಿದಳು, ಇಳಿದಳು, ಯಾರನ್ನೂ ಏನೂ ಕೇಳಲಿಲ್ಲ. ಅವಳು ಕೇಳೋದು ನಿಲ್ಲಿಸಿದಳು ಅಂತ ನಮಗೆಲ್ಲ ಗಾಬರಿಯಾಯಿತು. ಮಾಂಸದಂಗಡಿಯವನೇ ಹೊರಗೆ ಬಂದು, ಮೈಗೆ ಹುಷಾರಿಲ್ಲವಾ ಅಂತ ವಿಚಾರಿಸಿದ.

ಕೊನೆಗೆ ತಡೆಯಲಾರದೆ ಒಂದು ಪೊಟ್ಟಣ ಮೀನು ಕರಿದುಕೊಂಡು ಅವನ ಮನೆಗೆ ಹೋದಳು. ಮರ್ವ್ ಬಾಗಿಲಲ್ಲೇ ನಿಲ್ಲಿಸಿದ. ಸಮಾಧಾನ ಹೇಳೋಕೆ ಬಂದಿದ್ದರೆ ಹೊರಟುಬಿಡು ಅಂದ. ಸಮಾಧಾನ ಹೇಳೋದು ಅವಳಿಗೆ ಬಂದರೆ ತಾನೆ? ಮಂಡಿ ಎಷ್ಟು ಎತ್ತರಕ್ಕೆ ಏಳುತ್ತೆ, ಎಲ್ಲಿ ನಿಲ್ಲುತ್ತೆ, ನೋವೋ ಬಿಗಿತವೋ ಅಂತ ಶುರು ಮಾಡಿದಳು. ಅವನು ಕಣ್ಣು ಕೆಕ್ಕರಿಸಿದ. ಆಮೇಲೆ, ಯಾಕೋ ಏನೋ, ಬಾಗಿಲ ಚೌಕಟ್ಟು ಹಿಡಿದು ಕಾಲು ಎತ್ತಿ ತೋರಿಸಿದ. ಗೇಣುದ್ದ ಎದ್ದು ನಿಂತುಬಿಟ್ಟಿತು.

"ಇಷ್ಟೇನಾ?" ಅಂದಳು.

"ಇಷ್ಟೇ."

"ಮತ್ತೆ ಯಾರನ್ನಾದ್ರೂ ಎತ್ತಿಕೊಡು ಅಂತ ಕೇಳಬಹುದಿತ್ತಲ್ಲ. ಯಾಕೆ ಕೇಳಲಿಲ್ಲ?"

ಮರ್ವ್ ಕಾಲು ಕೆಳಗಿಟ್ಟ. ಗಣಿ ಕುಸಿದಾಗ ಗಂಡಸರನ್ನು ಹೆಗಲ ಮೇಲೆ ಹೊತ್ತು ತಂದವನು ನಾನು ಅಂದ. "ನೀನು ಕೇಳೋದರಲ್ಲಿ ಗಟ್ಟಿಗಿತ್ತಿ ಗ್ಲೆನ್. ನನಗೆ ಅದು ಬರಲ್ಲ." ಮೀನು ತಗೊಂಡು ಬಾಗಿಲು ಹಾಕಿಕೊಂಡ. ಅವಳು ಇನ್ನು ಮುಗೀತು ಅಂದುಕೊಂಡೇ ಮನೆಗೆ ಬಂದಳು.

ಚಳಿಗಾಲದ ಮೊದಲ ಒಳ್ಳೇ ಗಾಳಿಗೆ ಗುಡ್ಡದ ಮೇಲೆ ಜನ ಜಾಸ್ತಿ. ಮರ್ವನ ಕಾರು ಬಂದು ನಿಂತಿತು. ಯಾರೂ ನೋಡದ ಹಾಗೆ ಎಲ್ಲರೂ ನೋಡಿದರು. ಅವನ ರೆಕ್ಕೆಯ ಸರಳಿಗೂ ಎರಡು ಚಕ್ರ ಬಂದಿತ್ತು, ಆದರೆ ಆಡಿಕೊಳ್ಳೋ ಧೈರ್ಯ ಒಬ್ಬರಿಗೂ ಇರಲಿಲ್ಲ. ಖಾಲಿ ಹಾರ್ನೆಸ್ಸನ್ನು ತೋಳ ಮೇಲೆ ಹಾಕಿಕೊಂಡು ಕುಂಟುತ್ತಾ ಬಂದು ರೆಕ್ಕೆಗೆ ಸಿಕ್ಕಿಸಿದ. ಎಳೆದು ನೋಡಿದ. ಅದರ ಮುಂದೆ ನಿಂತ. ನಿಂತೇ ಇದ್ದ. ಕಿವಿ ಕೆಂಪಾಗಿತ್ತು.

ಗ್ಲೆನಿಸ್ ಆಚೆ ತುದಿಯಲ್ಲಿ ತನ್ನ ರೆಕ್ಕೆ ಬಿಚ್ಚುತ್ತಿದ್ದಳು. ಹೋಗಬೇಕು ಅನ್ನಿಸಿತು. ಹೋಗಲಿಲ್ಲ. ಟ್ರೂಡಿಯೂ ಹೋಗಲಿಲ್ಲ.

"ಗ್ಲೆನ್," ಅಂತ ಮರ್ವ್ ಕೂಗಿದ. ಇಡೀ ಗುಡ್ಡಕ್ಕೆ ಕೇಳುವಷ್ಟು ಜೋರಾಗಿ ಕೂಗಿದ. "ನನ್ನ ಕಾಲು ಮೇಲಕ್ಕೆ ಏಳಲ್ಲ. ಸ್ವಲ್ಪ ಎತ್ತಿಕೊಡ್ತೀಯಾ?"

ಅವಳು ಹೋದಳು, ಅವನ ಮುಂದೆ ಹುಲ್ಲಿನ ಮೇಲೆ ಮಂಡಿಯೂರಿ ಕೂತಳು. ಒಂದು ಕೈ ಅವನ ಹಿಮ್ಮಡಿಗೆ, ಒಂದು ಕೈ ಮಂಡಿಯ ಹಿಂದಕ್ಕೆ ಕೊಟ್ಟು ನಿಧಾನಕ್ಕೆ ಎತ್ತಿದಳು. ಮರ್ವ್ ಅವಳ ತಲೆಯ ಮೇಲೆ ಕೈಯೂರಿ ನಿಂತಿದ್ದ. ಕಾಲು ಪಟ್ಟಿಯೊಳಗೆ ಹೋಯಿತು.