ಕೆಮ್ಮಿದ್ದನ್ನು ನಾನೇ ಹೇಳಿದೆ

ಕೊರೊನಾದ ಎರಡನೇ ಅಲೆಯ ಹೊತ್ತಿಗೆ ನನ್ನ ಆರು ವರ್ಷದ ಮಗಳ ಮೈಯೆಲ್ಲ ಬಾತುಕೊಂಡಿತು. ಕಿಡ್ನಿ ತೊಂದರೆ ಎಂದು ಕೊಪ್ಪಳದ ಒಂದು ಆಸ್ಪತ್ರೆಗೆ ಸೇರಿಸಿದೆವು. ವಾರ್ಡಿನಲ್ಲಿ ಮಗುವಿನ ಹತ್ತಿರ ಒಬ್ಬರಷ್ಟೇ ಇರಬೇಕು. ನನ್ನ ಕಂಕುಳಲ್ಲಿ ನಾಲ್ಕು ತಿಂಗಳ ಕೂಸು. ಹಾಗಾಗಿ ಗಂಡ ಒಳಗುಳಿದರು, ನಾನು ಹೊರಗೆ. ನಮ್ಮೂರು ತಾವರಗೇರಾಕ್ಕೆ ವಾಪಸು ಹೋಗೋಣವೆಂದರೆ ಬಸ್ಸಿರಲಿಲ್ಲ. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಯಾರೋ ಪುಣ್ಯಾತ್ಮರು ತಮ್ಮ ಕಲ್ಯಾಣ ಮಂಟಪವನ್ನು ಆಸ್ಪತ್ರೆ ಸೇರಿದ ಮಕ್ಕಳ ಕಡೆಯವರಿಗೆಂದು ಬಿಟ್ಟುಕೊಟ್ಟಿದ್ದರು. ಎರಡು ಹೊತ್ತು ಊಟ, ಮಲಗಲು ಚಾಪೆ.

ನನ್ನ ಪಕ್ಕದ ಚಾಪೆ ಹನುಮನಹಳ್ಳಿಯ ಹೆಣ್ಣುಮಗಳದು. ಅಲ್ಲಿ ಗುಡಿಯಿರುವ ಬೆಟ್ಟದ ಬುಡದಲ್ಲಿ ಕಾಯಿ-ಕರ್ಪೂರ ಮಾರುತ್ತಿದ್ದಳಂತೆ. ಗುಡಿ ಮುಚ್ಚಿದ ಮೇಲೆ ಗದ್ದೆ ಕೂಲಿ. ಅವಳ ಮಗನಿಗೆ ಮೆದುಳು ಜ್ವರ. ಅವಳೂ ಅವಳ ತಾಯಿಯೂ ಸರದಿಯ ಮೇಲೆ ದಿನಕ್ಕೊಬ್ಬರಂತೆ ವಾರ್ಡಿಗೆ ಹೋಗುತ್ತಿದ್ದರು. ಹೊರಗಿದ್ದ ದಿನ ನನ್ನ ಕೂಸನ್ನು ಎತ್ತಿಕೊಂಡು, "ನೀವು ಜಳಕ ಮಾಡಿ ಬರ್ರಿ ಅಕ್ಕಾರ, ನಾ ಹಿಡ್ಕೊಂಡಿರ್ತೀನಿ" ಅನ್ನುತ್ತಿದ್ದಳು.

ಆರನೇ ದಿನ ಮುಂಜಾನೆ ಅವಳು ಕೆಮ್ಮಿದಳು. ನಾಲ್ಕೈದು ಸಲ, ಸೆರಗನ್ನು ಬಾಯಿಗೆ ಒತ್ತಿಕೊಂಡು.

"ಒಲಿ ಹೊಗಿ ಕುಡದೀನ್ರಿ, ಮತ್ತೇನಿಲ್ಲ" ಅಂದಳು. ಅಡುಗೆಯವರಿಗೆ ರೊಟ್ಟಿ ಬಡಿದುಕೊಡಲು ಹೋಗಿದ್ದು ನಿಜ, ನಾನೇ ನೋಡಿದ್ದೆ. ಹೂಂ ಅಂದೆ. ಆಮೇಲೆ ಕೂಸನ್ನು ಎತ್ತಿಕೊಂಡು ನೇರ ಮಂಟಪ ನೋಡಿಕೊಳ್ಳುವವರ ಹತ್ತಿರ ಹೋಗಿ ಹೇಳಿದೆ.

ಅವರು ದೂರ ನಿಂತು ಅವಳನ್ನು ಕರೆದರು. "ನೋಡವಾ ತಂಗಿ, ಟೆಸ್ಟ್ ಮಾಡಿಸು. ರಿಪೋರ್ಟ್ ಬರೂತನಕ ಇಲ್ಲಿ ಇರಂಗಿಲ್ಲ."

"ಎಲ್ಲಿ ಹೋಗ್ಲಿರಿ? ಯಾರು ಹೇಳಿದ್ರು ನಿಮಗ?"

ನಾನು ತಲೆ ಬಗ್ಗಿಸಿ ಕೂಸಿಗೆ ಹಾಲು ಕುಡಿಸುತ್ತಿದ್ದೆ.

ಅವಳು ಟೆಸ್ಟ್ ಮಾಡಿಸಿದಳು. ರಿಪೋರ್ಟ್ ಬರುವ ತನಕ ವಾರ್ಡಿನವರೂ ಅವಳನ್ನು ಒಳಗೆ ಬಿಡಲಿಲ್ಲ. ಆಸ್ಪತ್ರೆ ಎದುರಿನ ಮುಚ್ಚಿದ ಅಂಗಡಿಯ ಕಟ್ಟೆ ಮೇಲೆ ಕೂತಿರುತ್ತಿದ್ದಳು. ಗಂಡನಿಗೆ ಡಬ್ಬಿ ಒಯ್ಯುವಾಗ ನಾನು ರಸ್ತೆಯ ಆಚೆ ಬದಿಯಿಂದ ಹೋಗುತ್ತಿದ್ದೆ. ಎರಡನೇ ದಿನ ಅವಳ ಮಗನಿಗೆ ಜ್ವರ ಜೋರಾಗಿ, ಹುಬ್ಬಳ್ಳಿಗೆ ಕಳಿಸಿದರು. ಆಂಬುಲೆನ್ಸ್ ಹತ್ತಿದ್ದು ಅವಳ ತಾಯಿ. ಇವಳನ್ನು ಗೇಟಿನ ಹತ್ತಿರವೇ ತಡೆದರಂತೆ. ಹುಡುಗ ಕಣ್ಣು ಬಿಟ್ಟಿರಲಿಲ್ಲ ಎಂದು ನನ್ನ ಗಂಡ ಹೇಳಿದರು.

ಮೂರನೇ ದಿನ ರಿಪೋರ್ಟ್ ಬಂತು. ಅವಳಿಗೆ ಏನೂ ಇರಲಿಲ್ಲ. ಬಟ್ಟೆಗಂಟು ಒಯ್ಯಲು ಮಂಟಪಕ್ಕೆ ಬಂದವಳು ನನ್ನೆದುರು ನಿಂತಳು.

"ಕೂಸು ಆರಾಮ ಐತೇನ್ರಿ? ಕೆಮ್ಮು ಗಿಮ್ಮು ಏನೂ ಬಂದಿಲ್ಲಲ್ಲ?"

"ಇಲ್ಲ."

"ಛಲೋ ಆತು ಬಿಡ್ರಿ."

ಹುಬ್ಬಳ್ಳಿಗೆ ಹೇಗೆ ಹೋದಳೋ, ಹುಡುಗ ಉಳಿದನೋ ಇಲ್ಲವೋ, ನನಗೆ ಗೊತ್ತಿಲ್ಲ. ಹನುಮನಹಳ್ಳಿಯೇನು ದೂರವಲ್ಲ, ಹೋಗಿ ಕೇಳಬಹುದಿತ್ತು. ಇವತ್ತಿನವರೆಗೂ ಹೋಗಿಲ್ಲ.

ನನ್ನ ಮಗಳು ಗುಣವಾದಳು. ಹೊರಡುವ ದಿನ ಮಂಟಪ ನೋಡಿಕೊಳ್ಳುವವರು ಒಂದು ಪುಸ್ತಕ ಮುಂದಿಟ್ಟು, ನಾಲ್ಕು ಒಳ್ಳೆ ಮಾತು ಬರೀರಿ ಅಂದರು. 'ಇಲ್ಲಿ ಎಲ್ಲರೂ ಒಂದೇ ಮನೆಯವರಂತೆ ಇದ್ದೆವು' ಎಂದು ಬರೆದು ಸಹಿ ಮಾಡಿದೆ. ಅವರು ಓದಿ, "ಭಾಳ ಛಲೋ ಬರದೀರಿ" ಅಂದರು.