ತಿರುವಿನಲ್ಲಿ ಸಿಕ್ಕಿಬಿದ್ದ ಸೋಫಾ

ಆ ಫರ್ನಿಚರ್ ಅಂಗಡಿಯಲ್ಲಿ ಅವಳಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಿಕ್ಕಂತೆ ಎಲ್ಲರ ಬಾಯಲ್ಲೂ ಅವಳು 'ಆಗಲ್ಲಮ್ಮ'. ಗಿರಾಕಿಗಳ ಮನೆಗೆ ಹೋಗಿ ಅಳತೆ ತೆಗೆದು, ಮಂಚ ಎಲ್ಲಿ, ಬೀರು ಯಾವ ಗೋಡೆಗೆ ಎಂದು ನಕ್ಷೆ ಬರೆದುಕೊಡುವುದು ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ. ಬರೆಯುವುದಕ್ಕಿಂತ ಹೆಚ್ಚಾಗಿ 'ಆಗಲ್ಲ' ಎನ್ನುವುದೇ ಕೆಲಸವಾಗಿಬಿಟ್ಟಿತ್ತು. ಏನು ಮಾಡುತ್ತಾಳೆ ಪಾಪ! ಎಂಟಡಿ ಕೋಣೆಗೆ ಏಳಡಿ ಮಂಚ ಕೇಳಿ, ಪಕ್ಕದಲ್ಲೊಂದು ಬೀರೂ ಇರಲಿ ಎನ್ನುವವರಿಗೆ ಇನ್ನೇನು ಹೇಳಬೇಕು? ಮೊನ್ನೆ ಒಬ್ಬ ಮಹಾರಾಯ ಕೋಣೆಯ ಅಳತೆಯನ್ನು ಹೆಜ್ಜೆಯ ಲೆಕ್ಕದಲ್ಲಿ ತಂದಿದ್ದ.

"ಯಾರ ಹೆಜ್ಜೆ ಸಾರ್?"

"ನಮ್ಮನೆಯವರದು."

ಮನೆಯವರು ಬಂದಿರಲಿಲ್ಲ. ಅವಳಿಗೆ ತಲೆ ಚಿಟ್ಟು ಹಿಡಿಯಿತು.

ಅವಳ ಎದುರು ಮೇಜಿನವನು ಮಾರಾಟಗಾರ, ಅಡ್ಡಹೆಸರು 'ಆಗುತ್ತೆಬಿಡಿ'. ಗಿರಾಕಿ ಏನು ಕೇಳಲಿ, ಅವನದು ಒಂದೇ ಮಾತು: "ಆಗುತ್ತೆ ಬಿಡಿ." ಕಿಟಕಿ ಮುಚ್ಚಿಹೋಗುತ್ತದೆ ಎಂದರೂ ಆಗುತ್ತೆ ಬಿಡಿ, ಬಾಗಿಲು ತೆರೆಯುವುದಿಲ್ಲ ಎಂದರೂ ಆಗುತ್ತೆ ಬಿಡಿ. ಹೊತ್ತು ಸಾಗಿಸುವವರು ಆಮೇಲೆ ಶಾಪ ಹಾಕುತ್ತಿದ್ದದ್ದು ಅವನಿಗೆ, ಅದನ್ನು ಕೇಳಿಸಿಕೊಳ್ಳುತ್ತಿದ್ದದ್ದು ಇವಳು.

ಅವಳದೊಂದು ಪದ್ಧತಿಯಿತ್ತು. ಹಳೆಯ ಪತ್ರಿಕೆಗಳನ್ನು ಅಂಟಿಸಿ, ಸೋಫಾದ ನಿಜವಾದ ಅಳತೆಗೆ ಕತ್ತರಿಸಿ, ಗಿರಾಕಿಯ ಮನೆಯ ನೆಲದ ಮೇಲೆ ಹಾಸುತ್ತಿದ್ದಳು. "ಒಂದು ದಿನ ಇದನ್ನ ತುಳೀದೆ ಓಡಾಡಿ, ಆಮೇಲೆ ತಗೊಳ್ಳಿ" ಎನ್ನುತ್ತಿದ್ದಳು. ಮೆಟ್ಟಿಲಿಗೆ ಅಷ್ಟೇ ಉದ್ದದ ಒಂದು ಕೋಲು. ತಿರುವಿನಲ್ಲಿ ಕೋಲು ಗೋಡೆಗೆ ತಗುಲದೆ ತಿರುಗಿದರೆ ಸರಿ. ತಗುಲಿದರೆ ಆಗಲ್ಲ, ಮುಗಿಯಿತು. ಇಷ್ಟು ಸರಳವಾದ ಮಾತು ಜನರಿಗೆ ಯಾಕೆ ತಲೆಗೆ ಹೋಗುವುದಿಲ್ಲವೋ ದೇವರೇ ಬಲ್ಲ.

ಊರವರ ಮಾತು ಹಾಗಿರಲಿ, ಒಡಹುಟ್ಟಿದ ಅಕ್ಕನ ತಲೆಗೂ ಹೋಗಲಿಲ್ಲ.

ಅಕ್ಕ ದರ್ಜಿ. ಅಮ್ಮ ತೀರಿಕೊಂಡಾಗ ಅಕ್ಕನಿಗೆ ಹದಿನೇಳು, ಇವಳಿಗೆ ಒಂಬತ್ತು. ಓದು ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತ ಅಕ್ಕ ಮೂವತ್ತು ವರ್ಷ ಅಲ್ಲಿಂದ ಏಳಲಿಲ್ಲ. ತಂಗಿಯ ಊಟ, ಬಟ್ಟೆ, ನಕ್ಷೆ ಬರೆಯುವ ಓದು, ಎಲ್ಲ ಆ ಯಂತ್ರದಿಂದಲೇ ನಡೆದದ್ದು. ತಂಗಿ ಮೊದಲು ಕೈಗೆ ಹಿಡಿದ ಟೇಪು ಕೂಡ ಅಕ್ಕನ ಕೊರಳಿನಿಂದ ಇಳಿದದ್ದೇ. ಇಬ್ಬರಿಗೂ ಬೇರೆಬೇರೆ ಮನೆಯಾದ ಮೇಲೂ ಬೆಳಗ್ಗೆ ಏಳು ಗಂಟೆಗೆ ಅಕ್ಕನ ಫೋನು ಬರಲೇಬೇಕು. "ಎದ್ಯಾ? ತಿಂಡಿ ತಿಂದ್ಯಾ?" ಅಷ್ಟೇ ಮಾತು. ಆ ಫೋನಿಲ್ಲದೆ ಅವಳಿಗೆ ದಿನ ಶುರುವಾಗುತ್ತಿರಲಿಲ್ಲ.

ಅಕ್ಕ ಮೂರನೆಯ ಮಹಡಿಯ ಒಂದು ಸಣ್ಣ ಮನೆಗೆ ಹೋದಳು. ಲಿಫ್ಟ್ ಇಲ್ಲ. ಮನೆ ಬದಲಿಸಿದ ವಾರವೇ ಅಂಗಡಿಗೆ ಬಂದು, ಇದ್ದುದರಲ್ಲೇ ಉದ್ದನೆಯ, ಒಂದೇ ಕಟ್ಟಿನ ಸೋಫಾದ ಮುಂದೆ ನಿಂತುಬಿಟ್ಟಳು.

"ಬೆನ್ನಿಗೆ ಆಸರೆ ಇಲ್ಲದ ಸ್ಟೂಲಿನ ಮೇಲೆ ಮೂವತ್ತು ವರ್ಷ ಕೂತಿದೀನಿ ಕಣೆ. ಈಗ ಕಾಲು ಚಾಚಿ ಮಲಗ್ಬೇಕು. ಇದೇ ಬೇಕು."

ಆಗಲ್ಲಮ್ಮ ಪತ್ರಿಕೆ, ಕೋಲು ಎರಡನ್ನೂ ಹೊತ್ತುಕೊಂಡು ಹೋದಳು. ಕೋಲು ಮೊದಲ ತಿರುವಿನಲ್ಲೇ ಗೋಡೆಗೆ ಬಡಿಯಿತು. ಮೇಲೆ ಪತ್ರಿಕೆ ಹಾಸಿದರೆ ಕೋಣೆಯಲ್ಲಿ ಏನೋ ಹಿಡಿಸುತ್ತಿತ್ತು, ಆದರೆ ಮೆಟ್ಟಿಲು ದಾಟಿ ಬರಬೇಕಲ್ಲ? ಅಕ್ಕ ಕೇಳಲೊಲ್ಲಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅರ್ಧ ಗಂಟೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೊನೆಗೆ ತಾಳ್ಮೆ ತಪ್ಪಿ, ಆಡಬಾರದ ಮಾತು ಆಡಿಬಿಟ್ಟಳು.

"ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ಅಕ್ಕಾ!"

ಯಾರಿಗೆ ಹೇಳಿದ ಮಾತು ಅದು! ತಂಗಿ ಕಾಲು ಚಾಚಲಿ ಎಂದು ತಾನು ಮುದುಡಿಕೊಂಡು ಮಲಗಿ ಬೆಳೆಸಿದವಳಿಗೆ. ಅಕ್ಕನ ಮುಖ ಕಪ್ಪಿಟ್ಟಿತು.

"ಊರಿಗೆಲ್ಲ ಸೋಫಾ ಹಂಚ್ತೀಯ. ಅಕ್ಕ ಒಂದು ಒಳ್ಳೇದರ ಮೇಲೆ ಕೂತರೆ ಮಾತ್ರ ನಿಂಗೆ ಹೊಟ್ಟೆಕಿಚ್ಚು."

ಅಲ್ಲಿಗೆ ಮುಗಿಯಿತು. ಕಾರ್ಖಾನೆಗೆ ಮೊದಲೇ ಹೇಳಿದರೆ ಅದೇ ಸೋಫಾವನ್ನು ಎರಡು ತುಂಡು ಮಾಡಿ, ನಡುವೆ ಬೋಲ್ಟ್ ಹಾಕಿ ಕೂಡಿಸುವಂತೆ ಕಳಿಸುತ್ತಾರೆ, ಮೂರು ವಾರ ತಡವಾಗುತ್ತದೆ ಅಷ್ಟೆ. ಅಂಗಡಿಯಲ್ಲಿ ಇದು ಆಗಲ್ಲಮ್ಮನಿಗೆ ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೊಟ್ಟೆಕಿಚ್ಚಿನವಳು ಎನಿಸಿಕೊಂಡ ಮೇಲೆ ಯಾಕೆ ಹೇಳಬೇಕು? ನುಂಗಿಕೊಂಡು, ಪತ್ರಿಕೆ ಮಡಚಿ, ಮೆಟ್ಟಿಲಿಳಿದಳು.

ಮರುದಿನ ಏಳು ಗಂಟೆಗೆ ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಎರಡು ತಿಂಗಳಾಯಿತು. ಅವಳು ಫೋನನ್ನು ಎದುರಿಗಿಟ್ಟುಕೊಂಡು, "ಬಾಯಿ ಬಿದ್ದುಹೋಗಿದ್ಯಾ ನಿಂಗೆ?" ಎಂದು ಅದನ್ನೇ ಬೈದಳು. ತಾನಾಗಿ ಮಾಡಬಹುದಿತ್ತಲ್ಲ? ಹಾಗೆ ಮಾಡಿದರೆ ಸೋತ ಹಾಗಲ್ಲವೇ? ಬಿಂಕಕ್ಕೇನೂ ಕಡಿಮೆಯಿರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳ ಮೇಲೆ ಸಿಡುಕಿದಳು, ನಕ್ಷೆಯಲ್ಲಿ ಒಂದು ಬಾಗಿಲನ್ನೇ ಬಿಟ್ಟಳು. ಅಕ್ಕ ಇನ್ನು ಫೋನು ಮಾಡುವುದೇ ಇಲ್ಲವೇನೋ ಎಂಬ ಭಯ ಬಿಡಲಿಲ್ಲ.

ಒಂದು ಬೆಳಗ್ಗೆ ಆಗುತ್ತೆಬಿಡಿ ಬೆವರುತ್ತ ಓಡಿಬಂದ. ಅವನ ಬಾಯಲ್ಲಿ ಅಂಥ ಮಾತನ್ನು ಯಾರೂ ಕೇಳಿರಲಿಲ್ಲ.

"ಮೇಡಂ, ಆಗ್ತಿಲ್ಲ."

"ಏನು ಆಗ್ತಿಲ್ಲ?"

"ನಿಮ್ಮಕ್ಕನ ಸೋಫಾ. ಮೆಟ್ಟಿಲಲ್ಲಿ ಸಿಕ್ಕಾಕೊಂಡಿದೆ. ಮೇಲಕ್ಕೂ ಹೋಗಲ್ಲ, ಕೆಳಕ್ಕೂ ಬರಲ್ಲ."

"ನನ್ನಕ್ಕನಿಗೆ ಮಾರಿದ್ಯಾ? ಅಳತೆ ತಗೊಂಡ್ಯಾ?"

"ಅವರೇ 'ಆಗುತ್ತೆ ಬಿಡಪ್ಪ' ಅಂದ್ರು ಮೇಡಂ..."

ಬಾಯಿಗೆ ಬಂದದ್ದೆಲ್ಲ ಬೈಯುತ್ತಲೇ ಅವಳು ಟೇಪು ಹಿಡಿದು ಹೊರಟಳು.

ಅಲ್ಲಿ ನೋಡಿದರೆ ಬಿಸಿತುಪ್ಪ! ನುಂಗುವಂತಿಲ್ಲ, ಉಗುಳುವಂತಿಲ್ಲ. ಸೋಫಾದ ಒಂದು ತುದಿ ತಿರುವಿನ ಗೋಡೆಗೆ ಕಚ್ಚಿಕೊಂಡು, ಇನ್ನೊಂದು ತುದಿ ಮೇಲಿನ ಮೆಟ್ಟಿಲೇರಿ ಕಂಬಿಗೆ ಸಿಕ್ಕಿ, ಓರೆಯಾಗಿ ಕೂತಿತ್ತು. ಮೇಲಿನ ಮನೆಯ ಯಜಮಾನರೊಬ್ಬರು ಚಪ್ಪಲಿ ಕೈಯಲ್ಲಿ ಹಿಡಿದು, ಹೊಸ ಮೆತ್ತೆಯ ಮೇಲೆ ಮೊಣಕಾಲೂರಿ ಅದನ್ನು ದಾಟುತ್ತಿದ್ದರು. ಹೊರುವವರು ಮೂವರು ಗೋಡೆಗೊರಗಿ ನಿಂತಿದ್ದರು. ಆಚೆ ಬದಿಯ ಮೆಟ್ಟಿಲ ಮೇಲೆ ಅಕ್ಕ.

ಆಗಲ್ಲಮ್ಮ ಟೇಪು ಎಳೆದು ಎರಡು ಕಡೆ ಹಿಡಿದಳು.

"ಕಾಲು ಗರಗಸದಲ್ಲಿ ಕೊಯ್ದ್‌ಬಿಡೋಣ್ವಾ ಅಮ್ಮಾ?" ಎಂದ ಹೊರುವವರ ಮುಂದಾಳು.

"ನಿನ್ನ ಕಾಲು ಕೊಯ್ಕೋ. ಸ್ಪಾನರ್ ತಗೊಂಡ್ಬಾ, ಸೋಫಾದ ಕಾಲು ಬಿಚ್ಚು, ಕೆಳಗೆ ಇಳಿಸು. ಕಾರ್ಖಾನೆಗೆ ವಾಪಸ್ ಹೋಗಲಿ."

ಅವರು ಸ್ಪಾನರ್ ತರಲು ವ್ಯಾನಿಗೆ ಇಳಿದುಹೋದರು. ಆಗುತ್ತೆಬಿಡಿ ಅವರಿಗಿಂತ ಮುಂಚೆಯೇ ಮಾಯವಾಗಿದ್ದ. ನಿಲ್ಲಲು ಜಾಗವಿಲ್ಲದೆ ಅಕ್ಕ ಸೋಫಾದ ಮೇಲಿನ ತುದಿಯಲ್ಲಿ ಕೂತಳು. ತಂಗಿ ಕೆಳಗಿನ ತುದಿಗೆ ಹತ್ತಿ, ಇಳಿಬಿಡಲು ಜಾಗವಿಲ್ಲದ ಕಾಲುಗಳನ್ನು ಮೇಲಕ್ಕೆಳೆದುಕೊಂಡಳು. ಓರೆಯಾಗಿದ್ದುದರಿಂದ ಅಕ್ಕ ತಡೆದರೂ ತಡೆಯಲಾಗದೆ ಜಾರಿ ಜಾರಿ ಅವಳ ಪಕ್ಕಕ್ಕೇ ಬಂದಳು.

ಇನ್ನು ಮಾತು ತಡೆಯಲು ತಂಗಿಯಿಂದಾಗಲಿಲ್ಲ.

"ಎರಡು ತುಂಡು ಮಾಡಿಸಿ ತರಬಹುದಿತ್ತು ಅಕ್ಕಾ. ಅವತ್ತೇ ಗೊತ್ತಿತ್ತು ನಂಗೆ. ಬೇಕೂಂತಲೇ ಹೇಳ್ಲಿಲ್ಲ."

ಅಕ್ಕ ಅವಳನ್ನೇ ನೋಡಿದಳು. ಆಮೇಲೆ ಚೀಲಕ್ಕೆ ಕೈ ಹಾಕಿ, ಅಂಕಿಗಳು ಸವೆದುಹೋದ ತನ್ನ ಹೊಲಿಗೆ ಟೇಪನ್ನು ತೆಗೆದು ತಂಗಿಯ ಮಡಿಲಿಗೆ ಎಸೆದಳು.

"ನೀನು ಹೋದ ಮೇಲೆ ನಾನೂ ಅಳೆದೆ. ಅಳತೆ ತಗೊಂಡೇ ಹೊಟ್ಟೆ ಹೊರೆದೋಳು ಕಣೆ ನಾನು. ಮೂರು ಸಲ ಅಳೆದೆ. ಆಗಲ್ಲ ಅಂತ ಗೊತ್ತಾಯ್ತು."

"ಗೊತ್ತಾದ ಮೇಲೂ ತಗೊಂಡ್ಯಾ? ತಲೆ ಕೆಟ್ಟಿದ್ಯಾ ನಿಂಗೆ?"

"ಸಿಕ್ಕಾಕೊಂಡರೆ ನಿನ್ನೇ ಕರೀತಾರಲ್ಲ. ಫೋನ್ ಮಾಡೋಣ ಅಂದ್ರೆ... ನಾನು ದೊಡ್ಡೋಳು. ಹೇಗೆ ಮಾಡಲಿ?"

ಆಗಲ್ಲಮ್ಮನಿಗೆ ಸಿಟ್ಟೂ ಅಳುವೂ ಒಟ್ಟಿಗೇ ಉಕ್ಕಿದವು. ಇಡೀ ಕಟ್ಟಡದ ದಾರಿ ಮುಚ್ಚಿ, ಮೂವರು ಗಂಡಾಳುಗಳ ಬೆನ್ನು ಮುರಿದು, ಇಷ್ಟು ದೊಡ್ಡ ಸೋಫಾ ಹೊರಿಸಿಕೊಂಡು ಬಂದು ತಂಗಿಯನ್ನು ಕರೆಸಿದ್ದಳು! ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂದು ಸಾರುವುದಕ್ಕೆ ಇನ್ನೇನು ಬೇಕು?

"ಮಲಕ್ಕೋ" ಎಂದಳು ಗದರುವ ದನಿಯಲ್ಲಿ.

"ಇಲ್ಲೇನಾ?"

"ಇನ್ನು ಮೂರು ವಾರ ಸಿಗಲ್ಲ. ಮಲಕ್ಕೋ ಅಂದೆ."

ಅಕ್ಕ ಮೇಲಿನ ತುದಿಗೆ ತಲೆಯಿಟ್ಟು ಕಾಲು ಚಾಚಿದಳು. ಪೂರಾ ಚಾಚಿದಳು. ಯಂತ್ರ ತುಳಿದು ತುಳಿದು ಗಟ್ಟಿಯಾದ ಪಾದಗಳು ತಂಗಿಯ ಮಡಿಲಿಗೆ ಬಂದವು. ಅವಳು ಅವುಗಳ ಮೇಲೆ ಕೈಯಿಟ್ಟು ಕೂತಳು. ಅಕ್ಕ ಕಣ್ಣು ಮುಚ್ಚಿದ್ದಳು.

ಹೊರುವವರು ಸ್ಪಾನರ್ ಹಿಡಿದು ಮೇಲೆ ಬಂದರು.

"ಅಮ್ಮಾ, ಇಳಿಸೋಣ್ವಾ?"

"ಆಗಲ್ಲ" ಎಂದಳು ಆಗಲ್ಲಮ್ಮ. "ಅರ್ಧ ಗಂಟೆ ಬಿಟ್ಟು ಬನ್ನಿ."