ಗಂಟಲನ್ನೂ ನೋಡಿ ಎಂದ ನಾಳೆಯಕ್ಕ

ಬೆಳಗಿನ ಆರು ಗಂಟೆ. ಮಕ್ಕಳ ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ದೀಪ ಹೊತ್ತಿರುವುದು ಒಂದೇ ಕೋಣೆಯಲ್ಲಿ. ಬೆಚ್ಚಗಿನ ಪೆಟ್ಟಿಗೆಯ ಬಾಗಿಲು ತೆರೆದು ಆಕೆ ಟ್ರೇ ಎಳೆದುಕೊಳ್ಳುತ್ತಾರೆ. ರಕ್ತ ಬೆರೆಸಿದ ಪಾಕ ಹೊಯ್ದ, ಅಂಗೈಯಗಲದ ಕೆಂಪು ಪ್ಲೇಟುಗಳು. ನಿನ್ನೆ ಸವರಿದ ಕೀವು, ಕಫದಲ್ಲಿದ್ದ ಕ್ರಿಮಿಗಳು ಬೆಳಗಾಗುವಷ್ಟರಲ್ಲಿ ಚುಕ್ಕಿ ಚುಕ್ಕಿಯಾಗಿ ಬೆಳೆದಿವೆ. ಒಂದೊಂದನ್ನೂ ಬೆಳಕಿಗೆ ಹಿಡಿದು, ಮೂಗಿನ ತುದಿಗೆ ಜಾರಿದ ಕನ್ನಡಕದಲ್ಲೇ ನೋಡುತ್ತಾರೆ. "ಇವಕ್ಕೂ ನನಗೂ ಇಪ್ಪತ್ತೆರಡು ವರ್ಷದ ಪರಿಚಯ ಸಾರ್," ಎನ್ನುತ್ತಾರೆ.

ಡಾಕ್ಟರುಗಳ ಬಾಯಲ್ಲಿ ಈಕೆ 'ನಾಳೆಯಕ್ಕ'. ರಿಪೋರ್ಟ್ ಕೇಳಿ ಫೋನ್ ಮಾಡಿದರೆ ಅರ್ಧಕ್ಕರ್ಧ ಸಲ "ನಾಳೆ ಕೊಡ್ತೀನಿ" ಎಂಬ ಉತ್ತರವೇ ಗತಿ. ದಿನಕ್ಕೆ ಎಪ್ಪತ್ತು ಪ್ಲೇಟು, ನೋಡುವ ಕಣ್ಣು ಎರಡೇ. ಹತ್ತೊಂಬತ್ತನೇ ವಯಸ್ಸಿಗೆ ಇಲ್ಲಿ ಗಾಜಿನ ಸಾಮಾನು ತೊಳೆಯಲು ಸೇರಿದವರು ತೊಳೆಯುತ್ತಲೇ ಕಲಿತು, ಮೂರನೇ ಸಲಕ್ಕೆ ಟೆಕ್ನೀಷಿಯನ್ ಪರೀಕ್ಷೆ ಪಾಸಾದರು. "ಕ್ರಿಮಿ ಸಾಕೋ ಕೆಲಸಾನಾ ಅಂತ ಅತ್ತೆ ಅಡುಗೆಮನೆಗೇ ಬಿಡ್ತಿರಲಿಲ್ಲ. ಒಂದು ವರ್ಷ ಕೂತಲ್ಲಿಗೇ ಊಟ ಬಂತು. ನಾನ್ಯಾಕೆ ಬೇಡ ಅನ್ಲಿ?"

ನಾನು ಇವರನ್ನು ಹುಡುಕಿಕೊಂಡು ಬಂದದ್ದರಲ್ಲಿ ಸ್ವಾರ್ಥವಿದೆ, ಹೇಳಿಬಿಡುತ್ತೇನೆ. ನನ್ನ ತಂಗಿಯ ಐದು ವರ್ಷದ ಮಗನಿಗೆ ಮುಂದೊಗಲಿನ ಸೋಂಕು ಮೂರು ಸಲ ಬಂತು. ಕೆಂಪಗೆ ಊದಿಕೊಂಡು ಕೀವಾಗಿ, ಉಚ್ಚೆ ಹೊಯ್ಯುವಾಗ ಮನೆಯಿಡೀ ಕೇಳುವಂತೆ ಅಳುತ್ತಿದ್ದ. ತಾನೇ ಸರಿಯಾಗಿ ತೊಳೆದಿಲ್ಲವೆಂದು ತಂಗಿ ತೊಗಲನ್ನು ಹಿಂದಕ್ಕೆಳೆದು ಸೋಪು ಹಾಕಿ ಉಜ್ಜಿದಳು, ಹುಣ್ಣು ಇನ್ನಷ್ಟಾಯಿತು. ಮೊದಲೆರಡು ಸಲ ಹೊರಗಿನ ಲ್ಯಾಬಿನವರು "ಹಲವು ಬಗೆಯ ಬ್ಯಾಕ್ಟೀರಿಯಾ ಇವೆ" ಎಂದು ಬರೆದು ಕೈತೊಳೆದುಕೊಂಡರು. ಆ ಜಾಗದಲ್ಲಿ ಹೇಗೂ ಇರುತ್ತವಲ್ಲ! ಮೂರನೇ ಸಲ ಈ ಆಸ್ಪತ್ರೆಗೆ ಬಂದಾಗ ಮುಂದೊಗಲನ್ನೇ ತೆಗೆಯಲು ದಿನ ಗೊತ್ತಾಯಿತು.

ಆ ಸಲದ ಪ್ಲೇಟು ಬಂದದ್ದು ನಾಳೆಯಕ್ಕನ ಕೈಗೆ. ಅವರು ಅದನ್ನು ಎಸೆಯದೆ, ಗುಂಪಿನಿಂದ ಒಂದೊಂದು ಬಗೆಯನ್ನೇ ಬಿಡಿಸಿ ಬೇರೆ ಪ್ಲೇಟಿಗೆ ಸವರಿ ಇನ್ನೊಂದು ದಿನ ಕಾದರು. ಒಂದರಲ್ಲಿ ಸಣ್ಣ ಚುಕ್ಕಿಗಳ ಸುತ್ತ ಕೆಂಪು ಕರಗಿ ತಿಳಿಯಾಗಿತ್ತು. "ಗಂಟಲುನೋವು ತರೋದೂ ಇದೇ ಜಾತಿ. ಮಕ್ಕಳು ಮೂಗು ಬಾಯಿ ಮುಟ್ಟಿದ ಕೈಯಲ್ಲೇ ಅಲ್ಲೂ ಮುಟ್ಕೋತಾವೆ. ಅದಕ್ಕೇ ಡಾಕ್ಟರಿಗೆ ಫೋನ್ ಮಾಡಿ, ಗಂಟಲನ್ನೂ ನೋಡಿ ಸಾರ್, ಮನೆಯವರದ್ದೂ ನೋಡಿ ಅಂದೆ."

ಹುಡುಗನ ಗಂಟಲಲ್ಲೂ ಅದೇ ಇತ್ತು, ನನ್ನ ತಂಗಿಯ ಗಂಟಲಲ್ಲೂ ಅದೇ. ಇಬ್ಬರಿಗೂ ಒಟ್ಟಿಗೆ ಔಷಧಿ ನಡೆಯಿತು. ತೊಗಲನ್ನು ಎಳೆಯಬೇಡಿ, ಮೇಲಿಂದ ಬೆಚ್ಚಗಿನ ನೀರು ಹಾಕಿದರೆ ಸಾಕು ಎಂದ ಡಾಕ್ಟರು ಆಪರೇಷನ್ ಕೈಬಿಟ್ಟರು.

ಎಂಟು ಗಂಟೆಗೆ ತಂಗಿಯೂ ಮಗನೂ ಇವರನ್ನು ನೋಡಲೆಂದೇ ಬರುತ್ತಾರೆ. ಬಿಳಿ ಕೋಟು ಕಂಡದ್ದೇ ತಡ, ಹುಡುಗ ಎರಡೂ ಕೈಯಲ್ಲಿ ಚಡ್ಡಿ ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ. "ನನಗೆ ಚಡ್ಡಿ ಬೇಡಪ್ಪ ರಾಜ, ನಿನ್ನ ಮುಖ ನೋಡಿದ್ರೆ ಸಾಕು," ಎಂದು ನಗುತ್ತಾರೆ ನಾಳೆಯಕ್ಕ. ತಂಗಿ ಕಣ್ಣೊರೆಸಿಕೊಳ್ಳುತ್ತಾಳೆ. ಎದುರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ: ಈ ನಾಳೆಯಕ್ಕನಿಗೆ ನಮ್ಮ ಮನೆ ಋಣಿ.

"ವಾಸಿಯಾಗಿ ಎಂಟು ತಿಂಗಳಾಯ್ತಲ್ವಾ?" ಎಂದು ಅವರೇ ತಂಗಿಯನ್ನು ಕೇಳುತ್ತಾರೆ. ಇಷ್ಟೊಂದು ಮಕ್ಕಳ ನಡುವೆ ಇವನೊಬ್ಬ ನೆನಪಿದ್ದಾನಲ್ಲ ಎಂದು ನನಗೆ ಅಚ್ಚರಿ.

"ದಿನಾ ಬೆಳಗ್ಗೆ ಟ್ರೇ ತೆಗೆದ ತಕ್ಷಣ ಮೊದಲು ಇವನ ಹೆಸರು ಇದ್ಯಾ ಅಂತ ನೋಡ್ತೀನಿ ಸಾರ್. ಇರಲ್ಲ. ಆಮೇಲೆ ಕೆಲಸ ಶುರು ಮಾಡ್ತೀನಿ."